ಮಾರಿಸ್ ಮೈನರ್ ಮನೆಯಲ್ಲೇ ರಿಪೇರಿ: ಸಿಲ್ ಕೊಳೆತಿದೆ, ಬಾಗಿಲ ಸಂದು ಓರೆಯಾಗಿದೆ. ಮೊದಲು ಕತ್ತರಿಸಬೇಕೋ, ಎತ್ತಬೇಕೋ?

ಹಳೇಚಕ್ರ:
ನಮಸ್ಕಾರ ಎಲ್ಲರಿಗೂ. ಕಾರು ಮಾರಿಸ್ ಮೈನರ್ 1000 (ಹಳೇ ಬ್ರಿಟಿಷ್ ಕಾರು), ನಾಲ್ಕು ಬಾಗಿಲಿನದು, 1098 ಸಿಸಿ. ಕೆಲಸ ಎಲ್ಲಿಗೆ ಬಂದಿದೆ ಅಂತ ಮೊದಲು ಹೇಳ್ತೀನಿ.

ಎಂಜಿನ್ ಹಿಡಿದುಕೊಂಡಿತ್ತು, ಈಗ ಬಿಟ್ಟಿದೆ. ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಎಣ್ಣೆ) ಮತ್ತು ಅಸಿಟೋನ್ ಸಮಸಮ ಬೆರೆಸಿ ಸ್ಪಾರ್ಕ್ ಪ್ಲಗ್ ತೂತಿನಿಂದ ಸುರಿದು ನೆನೆಯಲು ಬಿಟ್ಟು, ಪುಲ್ಲಿ ನಟ್‌ಗೆ ಪಾನಾ ಹಾಕಿ ಹಿಂದೆ ಮುಂದೆ ಸ್ವಲ್ಪ ಸ್ವಲ್ಪವೇ ಅಲ್ಲಾಡಿಸಿದ್ದಕ್ಕೆ ಸಡಿಲಾಯ್ತು. ಕಂಪ್ರೆಶನ್ (ಸಿಲಿಂಡರ್ ಒಳಗಿನ ಒತ್ತಡ) ನೋಡಿದರೆ 1ನೇ ಸಿಲಿಂಡರ್‌ನಲ್ಲಿ 145 ಪಿಎಸ್‌ಐ, 2ರಲ್ಲಿ 80, 3ರಲ್ಲಿ 85, 4ರಲ್ಲಿ 140. ಬ್ರೇಕ್‌ಗೆ ಮಾಸ್ಟರ್ ಸಿಲಿಂಡರ್, ವೀಲ್ ಸಿಲಿಂಡರ್, ಹೋಸ್, ಶೂ ಎಲ್ಲ ಹೊಸದು. ಆದರೂ ಪೆಡಲ್ ಮೆತ್ತಗಿದೆ.

ದೊಡ್ಡ ತಲೆನೋವು ಎಡಗಡೆ ಸಿಲ್, ಅಂದ್ರೆ ಬಾಗಿಲ ಕೆಳಗಿನ ಉದ್ದ ಪೆಟ್ಟಿಗೆ. ಸ್ಕ್ರೂ ಡ್ರೈವರ್ ಒತ್ತಿದರೆ ಒಳಗೆ ಹೋಗುತ್ತೆ. ಆ ಪೆಟ್ಟಿಗೆಯನ್ನ ಒಳಗಿಂದ ಮುಚ್ಚೋ ಬಾಕ್ಸಿಂಗ್ ಪ್ಲೇಟ್‌ನ ಅಂಚೂ ಉದುರಿದೆ. ಮುಂದಿನ ಎಡ ಬಾಗಿಲಿನ ಹಿಂಬದಿ ಸಂದು ಮೇಲೆ 2 ಎಂಎಂ, ಕೆಳಗೆ 8 ಎಂಎಂ. ಬಲಗಡೆ ಮೇಲಿಂದ ಕೆಳತನಕ ನಾಲ್ಕೂವರೆ ಆಸುಪಾಸು. ಈಗಲೇ ಸಿಲ್ ಕತ್ತರಿಸಿ ಹೊಸದು ಹಾಕಲಾ, ಇಲ್ಲಾ ಮೊದಲು ಬಾಡಿ ಎತ್ತಿ ಸಂದು ಸರಿ ಮಾಡಲಾ? ಹಳೇ ಸಿಲ್ ಮೇಲೇ ಹೊಸ ತಗಡು ಹೊದಿಸಿ ಅಂತಾನೂ ಸಲಹೆ ಬಂದಿದೆ.

ತಗಡುಮಿತ್ರ:
ಗ್ರೈಂಡರ್ ಕೆಳಗಿಡಿ ಸರ್. ಈ ಕಾರಿಗೆ ಬೇರೆ ಚಾಸಿಸ್ ಇಲ್ಲ, ಬಾಡಿಯೇ ಚಾಸಿಸ್. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ ಭಾರ ಹೊರೋದು ಸಿಲ್, ನೆಲ, ಸೀಟಿನ ಕೆಳಗಿನ ಅಡ್ಡ ತೊಲೆ. ಸಿಲ್ ಕೊಳೆತಾಗ ನಡುಭಾಗ ಕುಸಿಯುತ್ತೆ. ಆಗ ಬಾಗಿಲ ಚೌಕದ ಕೆಳಬದಿ ಹಿಗ್ಗಿ ಮೇಲ್ಬದಿ ಕುಗ್ಗುತ್ತೆ. ನಿಮ್ಮ 2 ಮತ್ತು 8 ಹೇಳ್ತಿರೋದು ಅದನ್ನೇ. ಈ ಸ್ಥಿತಿಯಲ್ಲಿ ಹೊಸ ಸಿಲ್ ವೆಲ್ಡ್ ಮಾಡಿದರೆ ಆ ಓರೆ ಅಲ್ಲೇ ಗಟ್ಟಿಯಾಗಿ ಕೂರುತ್ತೆ. ಆಮೇಲೆ ಬಾಗಿಲು ಎಷ್ಟು ಹೊಂದಿಸಿದರೂ ಬರಲ್ಲ, ಮತ್ತೆ ಕತ್ತರಿಸಲೇಬೇಕು.

ಸಂದುಗೊಂದು:
ಹಳೇ ಸಿಲ್ ಮೇಲೆ ಹೊಸದು ಹೊದಿಸೋದು ಖಂಡಿತ ಬೇಡ. ಎರಡು ತಗಡಿನ ನಡುವೆ ನೀರು ನಿಂತು ಹೊಸದೂ ಒಳಗಿಂದಲೇ ಹೋಗುತ್ತೆ. ಅಲ್ಲದೆ ಕೊಳೆತ ತಗಡಿಗೆ ವೆಲ್ಡ್ ಹಿಡಿಯೋದೇ ಇಲ್ಲ.

ಹಿಂಜ್‌ಪಿನ್ನು:
ತಗಡುಮಿತ್ರ ಅವರೇ, ಒಂದು ನಿಮಿಷ. ಹಿಂಜ್ ಸವೆದಿದ್ದರೂ ಇದೇ ಅಳತೆ ಬರುತ್ತೆ. ಬಾಗಿಲಿನ ಹಿಂಬದಿ ಜೋತುಬಿದ್ದರೆ ಅದರ ಮೇಲಿನ ಮೂಲೆ ಬಿ ಪಿಲ್ಲರ್ (ಬಾಗಿಲ ಹಿಂದಿನ ಕಂಬ) ಕಡೆ ಸರಿಯುತ್ತೆ, ಕೆಳಗಿನ ಮೂಲೆ ದೂರ ಹೋಗುತ್ತೆ. ನೋಡೋಕೆ ಬಾಡಿ ಕುಸಿದ ಹಾಗೇ ಕಾಣುತ್ತೆ. ಸಂದು ಮಾತ್ರ ನೋಡಿ ಬಾಡಿ ಬಗ್ಗಿದೆ ಅನ್ನೋದು ಆತುರ.

ಬಾಗಿಲು ಅರ್ಧ ತೆಗೆದು ಹಿಂಬದಿ ಅಂಚು ಹಿಡಿದು ಮೇಲೆತ್ತಿ. ಹಿಂಜ್ ಹತ್ತಿರ ಲೊಟಲೊಟ ಅಂದರೆ ಪಿನ್ ಹೋಗಿದೆ. ಮೊದಲು ಅದು ಸರಿಯಾಗಲಿ. ಆಮೇಲೆ ಬಾಗಿಲು ಕಳಚಿ ಬರೀ ಚೌಕ ಅಳೀರಿ.

ತಗಡುಮಿತ್ರ:
ಒಪ್ಪಿದೆ, ಹಿಂಜ್ ಮೊದಲು ನೋಡಬೇಕು. ಚೌಕದಲ್ಲಿ ನಾಲ್ಕು ಅಳತೆ ಬೇಕು: ಎ ಪಿಲ್ಲರ್‌ನಿಂದ (ಬಾಗಿಲ ಮುಂದಿನ ಕಂಬ) ಬಿ ಪಿಲ್ಲರ್‌ಗೆ ಮೇಲೆ ಅಡ್ಡ, ಕೆಳಗೆ ಅಡ್ಡ, ಎರಡೂ ಕರ್ಣ. ಅಳೆಯೋ ಬಿಂದುಗಳು ಬೋಲ್ಟ್ ತೂತಿನ ನಡುಮಧ್ಯ ಆಗಿರಲಿ. ತಗಡಿನ ಅಂಚಿಂದ ಅಳೆದರೆ ನಂಬೋ ಹಾಗಿಲ್ಲ, ಹಳೇ ರಿಪೇರಿಯಲ್ಲಿ ಅಂಚು ಎಲ್ಲೆಲ್ಲೋ ಹೋಗಿರುತ್ತೆ. ಬಲಗಡೆಯೂ ಅದೇ ಬಿಂದುಗಳಲ್ಲಿ ಅಳೆದು ಎರಡನ್ನೂ ಪಕ್ಕಪಕ್ಕ ಬರೆದಿಡಿ. ಬಲಗಡೆ ಸಿಲ್ ಗಟ್ಟಿ ಇದ್ದರೆ ಅದೇ ನಿಮಗೆ ಮಾದರಿ. ಬಣ್ಣದ ತಗಡಿನ ಮೇಲೆ ಪೆನ್ಸಿಲ್ ಗುರುತು ನಿಲ್ಲಲ್ಲ, ಸಣ್ಣ ಪಂಚ್ ಚುಕ್ಕೆ ಹೊಡೀರಿ.

ಸುತ್ತಿಗಿ ಸಾಹುಕಾರ:
ಅಳತಿ ಆತು, ಖರೇ. ಆದ್ರ ಒಂದು ಮಾತು ಯಾರೂ ಹೇಳವಲ್ರಿ. ಮೈನರ್‌ಗೆ ಮುಂದ ಕಾಯಿಲ್ ಸ್ಪ್ರಿಂಗ್ ಇಲ್ಲ, ಟಾರ್ಷನ್ ಬಾರ್ ಅದ, ಅಂದ್ರ ತಿರುಚಿ ಸ್ಪ್ರಿಂಗ್ ಕೆಲಸಾ ಮಾಡೂ ಉಕ್ಕಿನ ಸಳಿ. ಆ ಬಾರ್‌ನ ಹಿಂದಿನ ತುದಿ ಕುಂತಿರೋದು ಸೀಟಿನ ಕೆಳಗಿನ ಅಡ್ಡ ತೊಲಿಗೆ. ಸಿಲ್ ಕೊಳತ್ರ ಆ ತೊಲಿ ತುದಿನೂ ಕೊಳತಿರತದ, ಎರಡೂ ಅಲ್ಲೇ ಕೂಡತಾವು. ಅದನ್ನ ನೋಡದ ಕತ್ತರಿಸಬ್ಯಾಡ್ರಿ. ತಿರುಚಿದ ಬಾರ್ ಹಿಡಿದಿಟ್ಟ ತಗಡು ಹರಿದರ ಕೈ ಕಾಲು ಉಳಿಯಂಗಿಲ್ಲ.

ತೊಲಿ ಮುಟ್ಟೂದಿತ್ತಂದ್ರ ಮೊದಲು ಬಾರ್ ಒತ್ತಡ ಇಳಿಸ್ರಿ. ಬಾಡಿ ಸ್ಟ್ಯಾಂಡ್ ಮ್ಯಾಲೆ ಕೂಡಿಸಿ, ಕೆಳಗಿನ ಆರ್ಮ್‌ಗೆ ಜ್ಯಾಕ್ ಕೊಟ್ಟು, ಮ್ಯಾಲಿನ ಟ್ರನಿಯನ್ (ಚಕ್ರದ ಪಿನ್ ಕೂಡೂ ಕೀಲು) ಬಿಚ್ಚಿ, ಜ್ಯಾಕ್ ನಿಧಾನಕ ಇಳಿಸಬೇಕು. ಬಾರ್ ಹೊರಗ ತಗಿಯೂ ಮೊದಲು ಹಲ್ಲಿನ ಜಾಗಾಕ್ಕ ಗುರ್ತು ಹಾಕ್ರಿ. ಎಡದ್ದು ಎಡಕ್ಕ, ಬಲದ್ದು ಬಲಕ್ಕ. ಒಮ್ಮಿ ಕೆಲಸಾ ಮಾಡಿದ ಬಾರ್ ಬದಲಾಯಿಸಿ ಹಾಕಬಾರ್ದು, ಅದು ತಿರುಚಿದ ದಿಕ್ಕಿಗೇ ಒಗ್ಗಿರತದ.

ಹಳೇಚಕ್ರ:
ತೊಲೆಯ ತುದಿ ನೋಡಿದೆ. ಸುತ್ತಿಗೆಯಲ್ಲಿ ತಟ್ಟಿದರೆ ಗಟ್ಟಿ ಸದ್ದು, ತುಕ್ಕು ಮೇಲ್ಮೈಯಲ್ಲಷ್ಟೇ. ಹಾಗಾದರೆ ಬಾರ್ ಮುಟ್ಟೋದು ಬೇಡ ತಾನೇ? ಕಾರು ಚಕ್ರದ ಮೇಲೆ ನಿಲ್ಲಲಾ, ಸ್ಟ್ಯಾಂಡ್ ಮೇಲಾ?

ಸುತ್ತಿಗಿ ಸಾಹುಕಾರ:
ಗಟ್ಟಿ ಇತ್ತಂದ್ರ ಬಾರ್ ಹಂಗ ಇರಲಿ. ಹಿಂದಿನ ಲೀಫ್ ಸ್ಪ್ರಿಂಗ್ ಕೂಡೂ ಜಾಗಾನೂ ತಟ್ಟಿ ನೋಡ್ರಿ, ಅಲ್ಲೂ ತುಕ್ಕು ತಿಂತದ.

ತಗಡುಮಿತ್ರ:
ಚಕ್ರದ ಮೇಲೆ ನಿಲ್ಲಿಸಬಹುದು, ಆದರೆ ಕೆಳಗೆ ತೂರಿ ಕೆಲಸ ಮಾಡೋಕೆ ಎತ್ತರ ಸಾಲಲ್ಲ. ಸ್ಟ್ಯಾಂಡ್ ಹಾಕೋದಾದರೆ ಭಾರ ನಿಜವಾಗಿ ಕೂರೋ ಜಾಗದಲ್ಲೇ ಹಾಕಿ: ಹಿಂದೆ ಆಕ್ಸಲ್ ಕೆಳಗೆ, ಮುಂದೆ ಸಸ್ಪೆನ್ಶನ್ ಹತ್ತಿರದ ಗಟ್ಟಿ ಜಾಗದಲ್ಲಿ. ನಡುವೆ ಸಿಲ್ ಕೆಳಗೆ ಸ್ಟ್ಯಾಂಡ್ ಇಟ್ಟರೆ ಬಾಡಿ ಉಲ್ಟಾ ಬಗ್ಗುತ್ತೆ. ನಾಲ್ಕೂ ಸ್ಟ್ಯಾಂಡ್ ಒಂದೇ ಮಟ್ಟ ಇದೆಯಾ ಅಂತ ನೀರಿನ ಪೈಪ್ ಮಟ್ಟದಲ್ಲಿ ನೋಡಿ, ನೆಲ ಇಳಿಜಾರಿದ್ದರೆ ಹಲಗೆ ಕೊಡಿ.

ಎಂಜಿನ್ ಹೊರಗಿದೆಯಾ, ಒಳಗಿದೆಯಾ ಅನ್ನೋದೂ ಮುಖ್ಯ. ಎಂಜಿನ್ ಇಳಿಸಿದಾಗ ಮೂತಿ ಹಗುರಾಗಿ ಸಂದು ಬದಲಾಗುತ್ತೆ. ಅಳತೆ ತಗೊಳ್ಳೋದು, ಬ್ರೇಸ್ (ಬಾಗಿಲ ಚೌಕ ಅಲುಗದಂತೆ ಹಿಡಿಯೋ ಪೈಪಿನ ಆಸರೆ) ಹಾಕೋದು, ವೆಲ್ಡ್ ಮಾಡೋದು ಮೂರೂ ಒಂದೇ ಸ್ಥಿತಿಯಲ್ಲಿ ನಡೀಬೇಕು.

ಬ್ರೇಸ್‌ಗೆ 25 ಎಂಎಂ ಚೌಕ ಪೈಪು, 2 ಎಂಎಂ ದಪ್ಪ ಸಾಕು. ಎ ಪಿಲ್ಲರ್‌ನ ಹಿಂಜ್ ತೂತುಗಳಿಗೆ ಒಂದು ಪಟ್ಟಿ ಬೋಲ್ಟ್ ಮಾಡಿ, ಬಿ ಪಿಲ್ಲರ್‌ನ ಸ್ಟ್ರೈಕರ್ (ಬಾಗಿಲ ಲಾಕ್ ಕಚ್ಚೋ ತುಂಡು) ತೂತುಗಳಿಗೆ ಇನ್ನೊಂದು, ನಡುವೆ ಸೊಂಟದ ಮಟ್ಟದಲ್ಲಿ ಒಂದು ಅಡ್ಡ ಪೈಪು, ಒಂದು ಕರ್ಣ. ಅಡ್ಡ ಪೈಪಿನಲ್ಲಿ ಟರ್ನ್‌ಬಕಲ್ (ತಿರುಗಿಸಿ ಉದ್ದ ಹೆಚ್ಚುಕಡಿಮೆ ಮಾಡೋ ತಿರುಪು) ಇದ್ದರೆ ಅರ್ಧರ್ಧ ಎಂಎಂ ಹೊಂದಿಸಬಹುದು. ಮೊದಲು ಅಡ್ಡ ತೊಲೆಯ ಎಡ ತುದಿಯಡಿ ಮರದ ದಪ್ಪ ಹಲಗೆ ಇಟ್ಟು ಬಾಟಲ್ ಜ್ಯಾಕ್‌ನಲ್ಲಿ ನಿಧಾನ ಎತ್ತಿ. ಮೇಲಿನ ಅಡ್ಡ ಅಳತೆ ಬಲಗಡೆಗೆ ಸಮ ಬಂದ ಕೂಡಲೇ ಬ್ರೇಸ್ ಬಿಗಿ ಮಾಡಿ. ಜ್ಯಾಕ್ ತೆಗೆದು ಮತ್ತೆ ಅಳೀರಿ. ಅಳತೆ ಸರಿದರೆ ಬ್ರೇಸ್ ಸಾಲದು, ಇನ್ನೊಂದು ಪೈಪು ಸೇರಿಸಿ.

ನೇತಾಡುವೈರು:
ವೆಲ್ಡಿಂಗ್ ಶುರು ಮಾಡೋ ಮುಂಚೆ ಬ್ಯಾಟರಿಯ ಎರಡೂ ತಂತಿ ಕಳಚಿ. ಪೆಟ್ರೋಲ್ ಟ್ಯಾಂಕ್ ಡಿಕ್ಕಿ ನೆಲದ ಕೆಳಗಿದೆ, ಅದನ್ನ ಇಳಿಸಿ ದೂರ ಇಡಿ. ಖಾಲಿ ಟ್ಯಾಂಕ್ ತುಂಬಿದ್ದಕ್ಕಿಂತ ಅಪಾಯ, ಒಳಗೆ ಆವಿ ಇರುತ್ತೆ.

ಕಿಡಿಗಣ್ಣ:
ಇನ್ನೊಂದು ಎಚ್ಚರಿಕೆ ಸೇರಿಸ್ತೀನಿ. ತಗಡು ಒರೆಸೋಕೆ ಕ್ಲೋರಿನ್ ಇರೋ ಬ್ರೇಕ್ ಕ್ಲೀನರ್ ಬಳಸಿ ಅದರ ಮೇಲೆ ವೆಲ್ಡ್ ಮಾಡಬೇಡಿ. ಆ ಕಾವಿಗೆ ಫಾಸ್ಜೀನ್ ಅನ್ನೋ ವಿಷಾನಿಲ ಹುಟ್ಟುತ್ತೆ. ಅಸಿಟೋನ್‌ನಲ್ಲಿ ಒರೆಸಿ, ಪೂರ್ತಿ ಆರಿದ ಮೇಲೆ ಮಾತ್ರ ಕಿಡಿ ಹಚ್ಚಿ. ಗ್ಯಾಲ್ವನೈಸ್ ಮಾಡಿದ ತಗಡಿದ್ದರೆ ಅಂಚಿನ ಸತು ಉಜ್ಜಿ ತೆಗೀರಿ, ಗಾಳಿ ಆಡೋ ಜಾಗದಲ್ಲೇ ಕೂತು ಮಾಡಿ.

ಕೆಲಸಕ್ಕೆ ಬಂದರೆ, 1 ರಿಂದ 1.2 ಎಂಎಂ ತಗಡಿಗೆ ಮಿಗ್‌ನಲ್ಲಿ (ತಂತಿ ತಾನಾಗೇ ಬರೋ ವೆಲ್ಡಿಂಗ್ ಯಂತ್ರ) 0.6 ಎಂಎಂ ತಂತಿ, ಆರ್ಗಾನ್ ಮಿಶ್ರಣದ ಗ್ಯಾಸ್. ಬರೀ ಕಾರ್ಬನ್ ಡೈಆಕ್ಸೈಡ್ ಹಾಕಿದರೆ ಕಾವು ಜಾಸ್ತಿಯಾಗಿ ತೂತು ಬೀಳುತ್ತೆ. ಮೂಲದಲ್ಲಿ ಸ್ಪಾಟ್ ವೆಲ್ಡ್ ಇದ್ದ ಕಡೆ ಪ್ಲಗ್ ವೆಲ್ಡ್ ಮಾಡಿ: ಮೇಲಿನ ತಗಡಿಗೆ 6 ಎಂಎಂ ತೂತು, 25 ರಿಂದ 30 ಎಂಎಂಗೆ ಒಂದು. ಕೆಳಗಿನ ತಗಡಿನಿಂದ ಶುರು ಮಾಡಿ ತೂತಿನ ಅಂಚಿಗೆ ಸುತ್ತು ಬನ್ನಿ. ತೂತಿನ ಸುತ್ತ ಎರಡು ತಗಡೂ ಕಚ್ಚಿಕೊಂಡಿರಬೇಕು. ನಡುವೆ ಕೂದಲೆಳೆ ಸಂದಿದ್ದರೂ ಮೇಲಿನ ತಗಡು ಮಾತ್ರ ಕರಗುತ್ತೆ, ಕೆಳಗಿನದಕ್ಕೆ ಹಿಡಿಯಲ್ಲ. ನೋಡೋಕೆ ಚೆನ್ನಾಗಿರುತ್ತೆ, ಉಳಿ ಕೊಟ್ಟರೆ ಕಿತ್ತು ಬರುತ್ತೆ. ಹಾಗಾಗಿ ಅದೇ ದಪ್ಪದ ಚೂರು ತಗಡಿನಲ್ಲಿ ಮೊದಲು ಮಾಡಿ, ಉಳಿಯಲ್ಲಿ ಸೀಳಿ ನೋಡಿ. ಕೆಳಗಿನ ತಗಡಿನಿಂದ ಒಂದು ಗುಂಡಿ ಕಿತ್ತು ಬಂದರೆ ವೆಲ್ಡ್ ಸರಿ ಇದೆ.

ಅಂಚಿಗೆ ಅಂಚು ಸೇರಿಸೋ ಕಡೆ ಒಂದೇ ಸಮ ಗೆರೆ ಎಳೀಬೇಡಿ. ಒಂದು ಟ್ಯಾಕ್ (ಚುಕ್ಕೆಯಷ್ಟು ವೆಲ್ಡ್) ಆ ತುದಿಗೆ, ಒಂದು ಈ ತುದಿಗೆ, ಒಂದು ನಡುವೆ. ಕೈ ಇಟ್ಟರೆ ಬೆಚ್ಚಗಷ್ಟೇ ಇದೆ ಅನ್ನಿಸಿದ ಮೇಲೆ ಮುಂದಿನದು. ಒದ್ದೆ ಬಟ್ಟೆ ಹಾಕಿ ತಣಿಸಬೇಡಿ, ತಗಡು ಇನ್ನೂ ಸುಕ್ಕಾಗುತ್ತೆ.

ಸಂದುಗೊಂದು:
ಟ್ಯಾಕ್ ಹಂತದಲ್ಲೇ ಬಾಗಿಲು ಹಾಕಿ ಮುಚ್ಚಿ ತೆಗೆದು ನೋಡಬೇಕು, ಮುಂದಿನ ಫೆಂಡರ್ ಸಹ ಬೋಲ್ಟ್ ಮಾಡಿ. ಪೂರ್ತಿ ವೆಲ್ಡ್ ಆದ ಮೇಲೆ ನೋಡಿ ಏನೂ ಪ್ರಯೋಜನವಿಲ್ಲ.

ಕಾರ್ಬೊರೆಡ್ಡಿ:
ಎಲ್ಲರೂ ತಗಡಿನಲ್ಲೇ ಮುಳುಗಿದ್ದೀರಿ. ಆ ಕಂಪ್ರೆಶನ್ ನೋಡಿ ಗುರುಗಳೇ! 2 ಮತ್ತು 3 ಅಕ್ಕಪಕ್ಕ, ಎರಡೂ ಕಡಿಮೆ, ಎರಡೂ ಹೆಚ್ಚುಕಡಿಮೆ ಒಂದೇ. ಪಿಸ್ಟನ್ ರಿಂಗ್ ಹೀಗೆ ಜೋಡಿಯಾಗಿ ಹೋಗೋದು ಅಪರೂಪ. 2 ಮತ್ತು 3ರ ನಡುವೆ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್‌ಗೂ ಮೇಲಿನ ಹೆಡ್‌ಗೂ ನಡುವಿನ ಪದರ) ಸುಟ್ಟಿದೆ ಅಂತ ನನ್ನ ಅಂದಾಜು. ಆ ಎರಡು ಬೋರ್‌ಗೆ ಒಂದೊಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿ. ರೀಡಿಂಗ್ ಜಿಗಿದರೆ ರಿಂಗ್, ಹಾಗೇ ಇದ್ದರೆ ಗ್ಯಾಸ್ಕೆಟ್ ಅಥವಾ ವಾಲ್ವ್.

ಟ್ಯಾಪೆಟ್ಟು:
ಗ್ಯಾಸ್ಕೆಟ್ಟೇ ಅಂತ ಹೇಳೋಕಾಗಲ್ಲ ಕಾರ್ಬೊರೆಡ್ಡಿಯವರೇ. ಈ ಕಾರಿನ ಎ ಸೀರೀಸ್ ಎಂಜಿನ್ ಹೆಡ್‌ನಲ್ಲಿ 2 ಮತ್ತು 3ರ ಎಗ್ಝಾಸ್ಟ್ ಎರಡೂ ಒಂದೇ ನಡು ಪೋರ್ಟ್‌ಗೆ ಬಿಡುತ್ತವೆ. ಕಾವು ಅಲ್ಲೇ ಹೆಚ್ಚು, ವಾಲ್ವ್ ಸೀಟು ಸವೆಯೋದೂ ಅಲ್ಲೇ ಮೊದಲು. ಸೀಸ ಇಲ್ಲದ ಪೆಟ್ರೋಲ್‌ನಲ್ಲಿ ಹಳೇ ಎರಕದ ಸೀಟು ತಗ್ಗುತ್ತಾ ಹೋಗುತ್ತೆ, ಟ್ಯಾಪೆಟ್ ಸಂದು (ವಾಲ್ವ್ ತುದಿಗೂ ಅದನ್ನ ಒತ್ತೋ ರಾಕರ್‌ಗೂ ನಡುವಿನದು) ಮುಚ್ಚಿಹೋಗಿ ವಾಲ್ವ್ ಪೂರ್ತಿ ಕೂರದೇ ಉಳಿಯುತ್ತೆ. ಹೆಡ್ ಬಿಚ್ಚೋ ಮುಂಚೆ ಟ್ಯಾಪೆಟ್ ನೋಡಿ: ತಣ್ಣಗಿರುವಾಗ 0.30 ಎಂಎಂ, ಅಂದ್ರೆ 12 ಥೌ (ಅಂಗುಲದ ಸಾವಿರದಲ್ಲಿ 12 ಭಾಗ).

ಒಂಬತ್ತರ ಲೆಕ್ಕ ನೆನಪಿಡಿ. 8ನೇ ವಾಲ್ವ್ ಪೂರ್ತಿ ಒತ್ತಿರುವಾಗ 1 ಹೊಂದಿಸಿ, 6 ಒತ್ತಿರುವಾಗ 3. ಕೂಡಿದರೆ ಯಾವಾಗಲೂ 9 ಬರಬೇಕು.

ಕಾರ್ಬೊರೆಡ್ಡಿ:
ಟ್ಯಾಪೆಟ್ ಮೊದಲು ಅನ್ನೋದು ಸರಿ, ಖರ್ಚಿಲ್ಲದ ಕೆಲಸ. ಆದರೂ ಹೆಡ್ ಬಿಚ್ಚಲೇಬೇಕಾಗುತ್ತೆ ಅನ್ನೋ ಮಾತಿಂದ ನಾನು ಹಿಂದೆ ಸರಿಯಲ್ಲ. ಬಿಚ್ಚಿದಾಗ ಮೂರು ಕಡೆ ಗಮನ ಇರಲಿ. ಹೆಡ್ ಮೇಲೆ ನೇರ ಪಟ್ಟಿ ಇಟ್ಟು ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಫೀಲರ್ (ಸಂದು ಅಳೆಯೋ ತೆಳು ಎಲೆ) ತೂರಿಸಿ. 0.05 ಎಂಎಂ ಎಲೆ ಒಳಗೆ ಹೋದರೆ ಸ್ಕಿಮ್ಮಿಂಗ್‌ಗೆ (ಮೇಲ್ಮೈ ಸಮ ಮಾಡೋಕೆ) ಕೊಡಿ. ಬ್ಲಾಕ್‌ನಲ್ಲಿ ಸ್ಟಡ್ ತೂತಿನ ಬಾಯಿ ಮೇಲೆದ್ದು ಬಂದಿರುತ್ತೆ, ಬೆರಳಾಡಿಸಿದರೆ ದಿಣ್ಣೆ ಸಿಗುತ್ತೆ. ಅದನ್ನ ಸಣ್ಣಗೆ ಚಾಂಫರ್ ಮಾಡದಿದ್ದರೆ (ಅಂಚು ಓರೆಯಾಗಿ ಕೆರೆಯದಿದ್ದರೆ) ಗ್ಯಾಸ್ಕೆಟ್ ಅಲ್ಲಿ ಆತುಕೊಂಡು ಬೋರ್‌ಗಳ ನಡುವೆ ಒತ್ತಡ ಸಾಲದು. ಮತ್ತೆ ಸುಡುತ್ತೆ. ಇದನ್ನ ಬಿಟ್ಟು ಬರೀ ಹೊಸ ಗ್ಯಾಸ್ಕೆಟ್ ಹಾಕಿದವರೇ ಹೆಚ್ಚು.

ಬಿಗಿ ಮಾಡೋದು ನಡುವಿನಿಂದ ಹೊರಕ್ಕೆ: ಮೊದಲ ಸುತ್ತು 20 ನ್ಯೂಟನ್ ಮೀಟರ್, ಆಮೇಲೆ 40, ಕೊನೆಗೆ 54. ಒಮ್ಮೆ ಎಂಜಿನ್ ಕಾಯಿಸಿ ಪೂರ್ತಿ ತಣ್ಣಗಾದ ಮೇಲೆ ಮತ್ತೊಮ್ಮೆ ಟಾರ್ಕ್ ನೋಡಿ, ಟ್ಯಾಪೆಟ್ಟೂ ಮತ್ತೆ ಹೊಂದಿಸಿ.

ಅಂಗುಲಪ್ಪ:
ವಿಷಯ ಬೇರೆ, ಆದರೆ ಹೇಳಲೇಬೇಕು. ಈ ಕಾರಿಗೆ ಎಂಎಂ ಪಾನಾ ಹಾಕಬೇಡಿ. ಹೆಚ್ಚಿನ ನಟ್ ಯುಎನ್‌ಎಫ್, ಅಂಗುಲದ ಲೆಕ್ಕ. ಅರ್ಧ ಅಂಗುಲ ಅಂದರೆ 12.7 ಎಂಎಂ, ಅದಕ್ಕೆ 13 ಹಾಕಿದರೆ ತುಕ್ಕು ಹಿಡಿದ ನಟ್‌ನ ಮೂಲೆ ದುಂಡಗಾಗುತ್ತೆ. 7/16 ಅಂದರೆ 11.1, ಅದಕ್ಕೆ 11 ಕೂರೋದೇ ಇಲ್ಲ. 3/4ಕ್ಕೆ ಮಾತ್ರ 19 ಸರಿಹೋಗುತ್ತೆ. ಆರು ಮೂಲೆಯ ಸಾಕೆಟ್ ಇರಲಿ, ಹನ್ನೆರಡು ಮೂಲೆಯದು ಹಳೇ ನಟ್‌ಗೆ ಒಳ್ಳೇದಲ್ಲ.

ಗ್ರೀಸ್‌ಗನ್ನು:
ಮುಂದಿನ ಸಸ್ಪೆನ್ಶನ್ ಯಾರೂ ಎತ್ತಲಿಲ್ಲ ಮಾರಾಯ್ರೇ. ಕೆಳಗಿನ ಟ್ರನಿಯನ್ ನೋಡಿದ್ದೀರಾ? ಸ್ವಿವೆಲ್ ಪಿನ್ (ಸ್ಟಿಯರಿಂಗ್‌ಗೆ ಚಕ್ರ ತಿರುಗುವ ಪಿನ್) ಅದರೊಳಗೆ ತಿರುಪಿನಲ್ಲಿ ಕೂತಿರುತ್ತದೆ. ತಿರುಪು ಸವೆದರೆ ಪಿನ್ ಕಿತ್ತು ಬಂದು ಚಕ್ರ ಮಡಚಿ ಫೆಂಡರ್ ಒಳಗೆ ಹೋಗುತ್ತದೆ. ಓಡುವಾಗ ಹಾಗಾದರೆ ಸ್ಟಿಯರಿಂಗ್ ಇಲ್ಲ. ಬಣ್ಣ, ಕ್ರೋಮ್ ಎಲ್ಲ ಆಮೇಲೆ, ಇದು ಮೊದಲು.

ಅಂಗುಲಪ್ಪ:
ಟ್ರನಿಯನ್‌ಗೆ ಇಪಿ 90 ಗೇರ್ ಆಯಿಲ್ ಹಾಕಬೇಕು, ಗ್ರೀಸ್ ಅಲ್ಲ ಅಂತ ಎಲ್ಲ ಕಡೆ ಬರೀತಾರಲ್ಲ?

ಗ್ರೀಸ್‌ಗನ್ನು:
ಅದು ಟ್ರಯಂಫ್ ಹೆರಾಲ್ಡ್, ಸ್ಪಿಟ್‌ಫೈರ್ ಕಾರುಗಳ ಮಾತು. ಮೈನರ್‌ಗೆ ಗ್ರೀಸ್. ಎರಡನ್ನೂ ಬೆರೆಸಿ ಹೇಳುವುದರಿಂದಲೇ ಗೊಂದಲ. ಸಾವಿರ ಮೈಲಿಗೊಮ್ಮೆ ಹೊಡೆಯಿರಿ. ಹೊಡೆಯುವಾಗ ಚಕ್ರ ನೆಲ ಬಿಟ್ಟಿರಬೇಕು. ಭಾರ ಇದ್ದರೆ ತಿರುಪಿನ ಒತ್ತಿದ ಬದಿಗೆ ಗ್ರೀಸ್ ಹೋಗುವುದಿಲ್ಲ. ಹಳೇ ಕಪ್ಪು ಗ್ರೀಸ್ ಟ್ರನಿಯನ್ ಅಂಚಿನಿಂದ ಹೊರಗೆ ಬರುವ ತನಕ ನಿಪ್ಪಲ್‌ಗೆ ಹೊಡೆಯಿರಿ. ಎಡ ಬಲ ತಿರುಪಿನ ದಿಕ್ಕು ಬೇರೆ ಬೇರೆ, ಭಾಗ ತರುವಾಗ ನೋಡಿ.

ಹಳೇಚಕ್ರ:
ಟ್ರನಿಯನ್ ನೋಡ್ತೀನಿ, ಧನ್ಯವಾದ. ಬ್ರೇಕ್ ಬಗ್ಗೆ ಯಾರಾದರೂ ಹೇಳಿ. ಗಾಳಿ ತೆಗೆದಷ್ಟೂ ತೆಗೆದಷ್ಟೂ ಪೆಡಲ್ ಹಾಗೇ ಇದೆ.

ಪೆಡಲ್‌ಪುರಾಣ:
ಮೊದಲು ಎಲ್ಲಿ ತಪ್ತಿದೆ ಅಂತ ಬೇರ್ಪಡಿಸಿ. ಅಡ್ಜಸ್ಟರ್‌ಗಳನ್ನ ಶೂ ಡ್ರಮ್‌ಗೆ ಒತ್ತಿ ಚಕ್ರ ತಿರುಗದ ಹಾಗೆ ಬಿಗಿ ಮಾಡಿ. ಮುಂದೆ ಪ್ರತಿ ಚಕ್ರಕ್ಕೂ ಎರಡೆರಡು ಅಡ್ಜಸ್ಟರ್, ಹಿಂದೆ ಒಂದೊಂದು. ಮುಂದಿನ ಎರಡರಲ್ಲಿ ಒಂದನ್ನೇ ತಿರುಗಿಸಿ ಬಿಟ್ಟವರು ಬಹಳ. ಈಗ ಪೆಡಲ್ ಒತ್ತಿ. ಗಟ್ಟಿಯಾದರೆ ಪೈಪಿನಲ್ಲಿ ಗಾಳಿ ಇಲ್ಲ, ಶೂ ಹೊಂದಿಸೋದರಲ್ಲಿ ತೊಂದರೆ. ಆಗಲೂ ಮೆತ್ತಗಿದ್ದರೆ ಗಾಳಿ ಇದೆ.

ಹೊಸ ಶೂನ ದುಂಡು ಹಳೇ ಡ್ರಮ್‌ನ ದುಂಡಿಗೆ ಸರಿಹೋಗದಿದ್ದರೂ ಪೆಡಲ್ ಸ್ಪ್ರಿಂಗ್ ಹಾಗೆ ಆಡುತ್ತೆ. ಶೂ ನಡುವೆ ಮಾತ್ರ ತಾಗಿ, ಒತ್ತಿದಾಗ ಬಾಗುತ್ತೆ. ಲೈನಿಂಗ್ ಮೇಲೆ ಸೀಮೆಸುಣ್ಣ ಬಳಿದು ಡ್ರಮ್ ಹಾಕಿ ತಿರುಗಿಸಿ, ಎಲ್ಲಿ ಅಳಿಸಿದೆ ಅಂತ ನೋಡಿದರೆ ಗೊತ್ತಾಗುತ್ತೆ. ಹಳೇ ಲೈನಿಂಗ್ ಪುಡಿಗೆ ಮಾತ್ರ ಗಾಳಿ ಹೊಡೀಬೇಡಿ. ಆ ಕಾಲದ್ದರಲ್ಲಿ ಆಸ್ಬೆಸ್ಟಸ್ ಇರುತ್ತೆ, ಒದ್ದೆ ಬಟ್ಟೆಯಲ್ಲಿ ಒರೆಸಿ ಚೀಲದಲ್ಲಿ ಕಟ್ಟಿ.

ಗಾಳಿಯೇ ಇದ್ದರೆ ಮುಂದಿನ ವೀಲ್ ಸಿಲಿಂಡರ್ ನೋಡಿ. ಒಂದು ಚಕ್ರಕ್ಕೆ ಎರಡು ಸಿಲಿಂಡರ್, ನಡುವೆ ಸಣ್ಣ ಪೈಪು. ಎಡ ಬಲ ಅದಲು ಬದಲಾಗಿ ಗಾಳಿ ಬಿಡೋ ನಿಪ್ಪಲ್ ಕೆಳಗೆ ಬಂದಿದ್ದರೆ ಮೇಲಿನ ಸಿಲಿಂಡರ್‌ನ ಗಾಳಿ ಎಂದಿಗೂ ಬರಲ್ಲ. ಇನ್ನು ಮಾಸ್ಟರ್ ಸಿಲಿಂಡರ್ ಡ್ರೈವರ್ ಕಾಲಡಿ, ನೆಲದ ಕೆಳಗೆ ಚಾಸಿಸ್ ಲೆಗ್‌ನಲ್ಲಿದೆ (ಹೆಸರು ಹಾಗಿದ್ದರೂ ಅದು ಬಾಡಿಗೇ ಸೇರಿದ ಉದ್ದ ತೊಲೆ). ಅಷ್ಟು ತಗ್ಗಿನಲ್ಲಿರೋದರಿಂದ ನಿಪ್ಪಲ್ ಸಡಿಲಿಸಿ ಎಣ್ಣೆ ತಾನಾಗೇ ಇಳಿಯಲಿ ಅಂತ ಕಾಯೋದು ನಡೆಯಲ್ಲ. ಒಬ್ಬರು ಪೆಡಲ್ ಒತ್ತಬೇಕು, ಒಬ್ಬರು ನಿಪ್ಪಲ್ ಹಿಡೀಬೇಕು. ಮಾಸ್ಟರ್‌ಗೆ ದೂರದ ಚಕ್ರದಿಂದ ಶುರು.

ಸಂದುಗೊಂದು:
ಸಿಲಿಕೋನ್ ಬ್ರೇಕ್ ಎಣ್ಣೆ, ಡಾಟ್ 5, ಹಾಕಿ. ನೀರು ಹೀರಲ್ಲ, ಬಣ್ಣ ತಿನ್ನಲ್ಲ. ನಿಂತೇ ಇರೋ ಕಾರಿಗೆ ಅದೇ ಒಳ್ಳೇದು.

ಪೆಡಲ್‌ಪುರಾಣ:
ಪೂರ್ತಿ ಒಣಗಿದ ಹೊಸ ಸಿಸ್ಟಮ್‌ಗೆ ಹಾಕಬಹುದು. ಇಲ್ಲಿ ಈಗಾಗಲೇ ಗ್ಲೈಕಾಲ್ ಎಣ್ಣೆ ಹೋಗಿದೆ, ಎರಡೂ ಬೆರೆಯಲ್ಲ. ಸಿಲಿಕೋನ್‌ನಲ್ಲಿ ಸಣ್ಣ ಗುಳ್ಳೆ ಸಿಕ್ಕಿಕೊಳ್ಳೋದೂ ಜಾಸ್ತಿ, ಪೆಡಲ್ ಮೊದಲೇ ಮೆತ್ತಗಿರೋವಾಗ ಅದು ಬೇಡ. ಡಾಟ್ 4 ಹಾಕಿ, ಎರಡು ವರ್ಷಕ್ಕೊಮ್ಮೆ ಬದಲಾಯಿಸಿ. ಡಾಟ್ 5.1 ಹೆಸರು ನೋಡಿ ಅದೂ ಸಿಲಿಕೋನ್ ಅಂದುಕೊಳ್ಳಬೇಡಿ, ಅದು ಗ್ಲೈಕಾಲ್.

ನೇತಾಡುವೈರು:
ಪಾಯಿಂಟ್ (ಕಿಡಿಗಾಗಿ ಕರೆಂಟ್ ಕಡಿದು ಕೂಡಿಸೋ ಸ್ವಿಚ್) ತೆಗೆದು ಎಲೆಕ್ಟ್ರಾನಿಕ್ ಇಗ್ನಿಶನ್ ಹಾಕೋ ಯೋಚನೆ ಇದ್ದರೆ ಹೇಳಿ. ಈ ಕಾರು ಪಾಸಿಟಿವ್ ಅರ್ಥ್, ಅಂದ್ರೆ ಬ್ಯಾಟರಿಯ ಪ್ಲಸ್ ತಂತಿ ಬಾಡಿಗೆ. ಅದಕ್ಕೆ ಹೊಂದೋ ಮಾಡ್ಯೂಲೇ ಬೇಕು, ಮಾಮೂಲಿ ನೆಗೆಟಿವ್ ಅರ್ಥ್ ಮಾಡ್ಯೂಲ್ ಹಾಕಿದ ಕ್ಷಣಕ್ಕೆ ಸುಟ್ಟು ಹೋಗುತ್ತೆ. ಇಗ್ನಿಶನ್ ಕಾಯಿಲ್ ತಂತಿಯೂ ಹಾಗೇ. ಪಾಸಿಟಿವ್ ಅರ್ಥ್‌ನಲ್ಲಿ ಡಿಸ್ಟ್ರಿಬ್ಯೂಟರ್‌ಗೆ ಹೋಗೋದು ಕಾಯಿಲ್‌ನ ಪ್ಲಸ್. ಉಲ್ಟಾ ಕೊಟ್ಟರೂ ಎಂಜಿನ್ ಓಡುತ್ತೆ, ಆದರೆ ಪ್ಲಗ್‌ನ ಕಾದ ನಡುಮೊಳೆಯ ಬದಲು ತಣ್ಣನೆ ಹೊರ ತುದಿಯಿಂದ ಕಿಡಿ ಹಾರಬೇಕಾಗುತ್ತೆ, ಅದಕ್ಕೆ ವೋಲ್ಟೇಜ್ ಹೆಚ್ಚು ಬೇಕು. ಭಾರ ಬಿದ್ದಾಗ ಮಿಸ್ ಹೊಡೆಯುತ್ತೆ, ಜನ ಕಾರ್ಬೊರೇಟರ್ ಬಿಚ್ಚುತ್ತಾ ಕೂರ್ತಾರೆ.

ಟ್ಯಾಪೆಟ್ಟು:
ಪಾಯಿಂಟ್ ಯಾಕೆ ತೆಗೀಬೇಕು? 0.40 ಎಂಎಂ ಇಟ್ಟು, ಕ್ಯಾಮ್‌ಗೆ ಎಳ್ಳಷ್ಟು ಗ್ರೀಸ್ ಹಚ್ಚಿದರೆ ಬೇಕಾದಷ್ಟು ಓಡುತ್ತೆ. ದಾರಿಯಲ್ಲಿ ಕೈಕೊಟ್ಟರೆ ಉಗುರು ಉಜ್ಜೋ ಪಟ್ಟಿಯಲ್ಲಿ ಉಜ್ಜಿ ಮನೆಗೆ ಬರಬಹುದು. ಮಾಡ್ಯೂಲ್ ಸತ್ತರೆ ಅಲ್ಲೇ ನಿಲ್ಲಬೇಕು.

ನೇತಾಡುವೈರು:
ಪಾಯಿಂಟ್ ಜೊತೆ ಹಾಕೋಕೆ ಈಗ ಸಿಗೋ ಕಂಡೆನ್ಸರ್ ಗುಣ ನೋಡಿದರೆ ಪಾಯಿಂಟ್ ಪರ ಮಾತಾಡೋದು ಕಷ್ಟ. ಅದು ಕಾದಾಗ ಮಾತ್ರ ಕೈಕೊಡುತ್ತೆ, ತಣ್ಣಗಾದರೆ ಮತ್ತೆ ಸರಿ. ಆದರೆ ಒಂದು ಮಾತು ಒಪ್ಪಿದೆ: ಮಾಡ್ಯೂಲ್ ಹಾಕಿದರೂ ಪಾಯಿಂಟ್ ಹೂಡಿದ ಪ್ಲೇಟ್ ಡಿಕ್ಕಿಯಲ್ಲಿರಲಿ. ಎಂಜಿನ್ ನಿಂತಿರುವಾಗ ಸ್ವಿಚ್ ಆನ್ ಇಡೋದು ಎರಡಕ್ಕೂ ಕೆಟ್ಟದ್ದು.

ಹಳೇಚಕ್ರ:
ಸದ್ಯದ ಸ್ಥಿತಿ. ಹಿಂಜ್ ಪಿನ್ ಸವೆದಿದ್ದು ನಿಜ. ಬದಲಾಯಿಸಿದ ಮೇಲೆ ಮೇಲಿನ ಸಂದು 2 ಇದ್ದದ್ದು 3 ಆಯ್ತು, ಕೆಳಗೆ 8 ಇದ್ದದ್ದು 7ಕ್ಕೆ ಬಂತು. ಉಳಿದದ್ದು ಬಾಡಿಯದ್ದೇ: ಮೇಲಿನ ಅಡ್ಡ ಅಳತೆ ಬಲಗಡೆಗಿಂತ ಒಂದೂವರೆ ಎಂಎಂ ಕಡಿಮೆ. ಹಲಗೆ ಇಟ್ಟು ಎತ್ತಿ, ಬ್ರೇಸ್ ಬಿಗಿ ಮಾಡಿ, ಜ್ಯಾಕ್ ತೆಗೆದರೂ ಅಳತೆ ನಿಂತಿದೆ. ಈಗ ಸಂದು ಮೇಲೆ ನಾಲ್ಕೂವರೆ, ಕೆಳಗೆ 5.

ಹೆಡ್ ಬಿಚ್ಚಿದೆ. ಇಬ್ಬರೂ ಹೇಳಿದ್ದು ಸರಿ: 2 ಮತ್ತು 3ರ ನಡುವೆ ಗ್ಯಾಸ್ಕೆಟ್ ಕಪ್ಪಗೆ ಸುಟ್ಟ ಗೆರೆ, ಜೊತೆಗೆ ಅವೆರಡರ ಎಗ್ಝಾಸ್ಟ್ ವಾಲ್ವ್ ಸೀಟಿನಲ್ಲಿ ಗುಳಿ. ಗಟ್ಟಿ ಸೀಟು ಕೂರಿಸೋಕೆ ಕೊಡ್ತಿದ್ದೀನಿ. ಸಿಲ್ ಮುಚ್ಚೋ ಮುಂಚೆ ಒಳಗೆ ಏನು ಹಚ್ಚಲಿ? ಕಳಚಿದ ಸಣ್ಣ ಭಾಗಗಳ ತುಕ್ಕು ತೆಗೆಯೋಕೆ ಎಲೆಕ್ಟ್ರೋಲಿಸಿಸ್ ಸರಿಯಾ?

ರಸಾಯನಿ:
ಎಲೆಕ್ಟ್ರೋಲಿಸಿಸ್ ಚೆನ್ನಾಗಿ ಕೆಲಸ ಮಾಡುತ್ತೆ, ಗಟ್ಟಿ ಲೋಹ ತಿನ್ನಲ್ಲ. ಪ್ಲಾಸ್ಟಿಕ್ ಡಬ್ಬಿ, ಐದು ಲೀಟರ್ ನೀರಿಗೆ ಒಂದು ದೊಡ್ಡ ಚಮಚ ವಾಷಿಂಗ್ ಸೋಡಾ, ಹಳೇ ಮಾದರಿಯ 12 ವೋಲ್ಟ್ ಚಾರ್ಜರ್. ನೆಗೆಟಿವ್ ತಂತಿ ಭಾಗಕ್ಕೆ, ಪಾಸಿಟಿವ್ ಬೇಡವಾದ ಕಬ್ಬಿಣದ ತಗಡಿಗೆ. ಪಾಸಿಟಿವ್‌ಗೆ ಸ್ಟೇನ್‌ಲೆಸ್ ಸ್ಟೀಲ್ ಎಂದಿಗೂ ಹಾಕಬೇಡಿ, ಕ್ರೋಮಿಯಂ ಕರಗಿ ವಿಷದ ನೀರಾಗುತ್ತೆ. ಹೈಡ್ರೋಜನ್ ಬರೋದರಿಂದ ಬಯಲಲ್ಲಿ ಮಾಡಿ. ಸ್ಪ್ರಿಂಗ್, ಟಾರ್ಷನ್ ಬಾರ್, ಹೈ ಟೆನ್ಸೈಲ್ ಬೋಲ್ಟ್ ಹಾಕಬಾರದು, ಹೈಡ್ರೋಜನ್ ಒಳಗೆ ಸೇರಿ ಉಕ್ಕು ಪೆಡಸಾಗಿ ಮುರಿಯುತ್ತೆ. ಅಲ್ಯೂಮಿನಿಯಂ ಕೂಡ ಬೇಡ, ಸೋಡಾದಲ್ಲೇ ಕರಗುತ್ತೆ.

ಹೊರತೆಗೆದ ಕೂಡಲೇ ತೊಳೆದು ಬಿಸಿ ಗಾಳಿಯಲ್ಲಿ ಒಣಗಿಸಿ ಪ್ರೈಮರ್ ಹೊಡೀರಿ. ಸ್ವಲ್ಪ ಬಿಟ್ಟರೆ ಕಿತ್ತಳೆ ಪುಡಿ ಮತ್ತೆ ಕೂರುತ್ತೆ. ಫಾಸ್ಫಾರಿಕ್ ಆಸಿಡ್ ಬಳಸಿದರೆ ಅದರ ಪಸೆ ಪೂರ್ತಿ ತೊಳೆಯದೆ ಎಪಾಕ್ಸಿ ಪ್ರೈಮರ್ ಹಾಕಬೇಡಿ, ಹಿಡಿಯಲ್ಲ, ಸಿಪ್ಪೆ ಏಳುತ್ತೆ.

ತಗಡುಮಿತ್ರ:
ಸಿಲ್ ಒಳಗೆ ಎಪಾಕ್ಸಿ ಬಳಿಯಿರಿ, ಆದರೆ ವೆಲ್ಡ್ ಬರೋ ಅಂಚಿನಲ್ಲಿ ಎರಡು ಬೆರಳಗಲ ಬಿಟ್ಟು. ಆ ಅಂಚಿಗೆ ವೆಲ್ಡ್‌ಥ್ರೂ ಪ್ರೈಮರ್ (ಅದರ ಮೇಲೇ ವೆಲ್ಡ್ ಮಾಡಬಹುದಾದದ್ದು) ತೆಳ್ಳಗೆ, ಪ್ಲಗ್ ತೂತಿನ ಜಾಗದಲ್ಲಿ ಅದನ್ನೂ ಕೆರೆದು ಬಿಡಿ. ವ್ಯಾಕ್ಸ್ ಈಗಲೇ ಹಾಕಬೇಡಿ, ವೆಲ್ಡ್ ಕಾವಿಗೆ ಹೊತ್ತಿಕೊಳ್ಳುತ್ತೆ. ಎಲ್ಲ ವೆಲ್ಡ್, ಬಣ್ಣ ಮುಗಿದ ಮೇಲೆ ಉದ್ದ ಕೊಳವೆಯಲ್ಲಿ ಒಳಗೆ ಸಿಂಪಡಿಸಿ. ಕೆಳಗಿನ ನೀರಿಳಿಯೋ ತೂತುಗಳು ಹೊಸ ಸಿಲ್‌ನಲ್ಲಿ ಇವೆಯಾ ನೋಡಿ, ಇಲ್ಲದಿದ್ದರೆ 8 ಎಂಎಂ ತೂತು ಕೊರೆಯಿರಿ. ಆ ತೂತು ಸೀಲರ್, ವ್ಯಾಕ್ಸ್‌ನಿಂದ ಮುಚ್ಚಿಹೋದರೆ ಮತ್ತೆ ಇದೇ ಕೊಳೆತ. ಬಾಗಿಲ ತಳದ ತೂತುಗಳನ್ನೂ ತಂತಿ ತೂರಿಸಿ ಬಿಡಿಸಿ.

ಬಣ್ಣದಂಗಿ:
ಬಣ್ಣದ ಹಂತಕ್ಕೆ ಬಂದಾಗ ಎರಡು ಮಾತು. ಪುಟ್ಟಿ 3 ಎಂಎಂಗಿಂತ ದಪ್ಪ ಬೇಡ, ಅಷ್ಟು ಬೇಕಾದರೆ ತಗಡು ಇನ್ನೂ ತಟ್ಟಬೇಕು ಅಂತ ಅರ್ಥ. ಪುಟ್ಟಿ ಎಪಾಕ್ಸಿ ಮೇಲೆ ಹಾಕಿ, ಬರೀ ತಗಡಿನ ಮೇಲೆ ಅಲ್ಲ. ಇನ್ನೊಂದು, ಹಾರ್ಡ್‌ನರ್ ಬೆರೆಸೋ 2ಕೆ ಬಣ್ಣದಲ್ಲಿ ಐಸೊಸಯನೇಟ್ ಇದೆ. ಹೊರಗಿನ ಗಾಳಿ ಪೈಪಿನಲ್ಲಿ ತರೋ ಮಾಸ್ಕ್ ಇಲ್ಲದೆ ಮನೆಯಲ್ಲಿ ಹೊಡೀಲೇಬೇಡಿ. ಮಾಮೂಲಿ ಮಾಸ್ಕ್ ಸಾಲಲ್ಲ.

ಹಳೇಚಕ್ರ:
ಇವತ್ತು ಹೊರ ಸಿಲ್ ಟ್ಯಾಕ್ ಮಾಡಿ ಬಾಗಿಲು, ಫೆಂಡರ್ ಹಾಕಿ ನೋಡಿದೆ. ಸಂದು ಅಲುಗಿಲ್ಲ. ಪ್ಲಗ್ ವೆಲ್ಡ್ ಶುರು ಮಾಡ್ತೀನಿ. ಎಡಗಡೆ ಮುಗಿದ ಕೂಡಲೇ ಬ್ರೇಸ್ ಬಿಚ್ಚಬಹುದಾ? ಬಾಗಿಲು ಪೂರ್ತಿ ಹಾಕಿ ಲಾಕ್ ಹೊಂದಿಸೋಕೆ ಅದು ಅಡ್ಡ ಬರ್ತಿದೆ.

ಸುತ್ತಿಗಿ ಸಾಹುಕಾರ:
ಈಗ ಬಿಚ್ಚಬ್ಯಾಡ್ರಿ. ಒಳಗಿನ ಬಾಕ್ಸಿಂಗ್ ಪ್ಲೇಟ್, ನೆಲದ ಅಂಚು, ಮ್ಯಾಲಿನ ಫಿನಿಶರ್ ಪ್ಲೇಟ್ ಮೂರೂ ಹೊರ ಸಿಲ್‌ಗೆ ಕೂಡಿದ ಮ್ಯಾಲೆನ ಪೆಟಿಗಿ ಪೂರ್ಣ ಆಗೂದು. ಅಲ್ಲೀತನಕ ಅದು ಬರೇ ಬಾಗಿದ ತಗಡು. ಮೂರೂ ಆದಮ್ಯಾಲೆ ಟರ್ನ್‌ಬಕಲ್ ಅರ್ಧ ಸುತ್ತು ಸಡಿಲ ಮಾಡಿ ಅಳತಿ ತಗೋರಿ. ಅಲುಗಲಿಲ್ಲಂದ್ರ ಪೂರಾ ಬಿಚ್ಚಿ, ಹಂಗ ಬಲಗಡೆ ಸಿಲ್‌ದ ತಳಾ ತಟ್ಟಿ ನೋಡ್ರಿ.